ನಲವತ್ತೈದರ ಆಸುಪಾಸಿನಲ್ಲಿ ಎದೆ ಡವಡವ: ಹೆದರುವುದೂ ಬೇಡ, ತಳ್ಳಿಹಾಕುವುದೂ ಬೇಡ



ನಮ್ಮ ಮನೆಗಳಲ್ಲಿ ನಲವತ್ತು ದಾಟಿದ ಹೆಣ್ಣುಮಕ್ಕಳು ಆಗಾಗ ಹೇಳುವ, ಮನೆಯವರು ಅಷ್ಟಾಗಿ ಕಿವಿಗೊಡದ ತೊಂದರೆಯೊಂದಿದೆ. ರಾತ್ರಿ ಎರಡೋ ಮೂರೋ ಗಂಟೆಗೆ ಫಕ್ಕನೆ ಎಚ್ಚರವಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಕುತ್ತಿಗೆ, ಬೆನ್ನು ಬೆವರಿರುತ್ತದೆ. ಐದು ಹತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ಆದರೆ ನಿದ್ದೆ ಮತ್ತೆ ಹತ್ತುವುದಿಲ್ಲ. ಬೆಳಿಗ್ಗೆ ಹೇಳಿಕೊಂಡರೆ ಸಿಗುವ ಉತ್ತರ ಎರಡೇ ಬಗೆ. ಒಂದು, "ಗ್ಯಾಸ್ ಇರಬೇಕು, ಜೀರಿಗೆ ನೀರು ಕುಡಿ." ಇನ್ನೊಂದು, "ಸುಮ್ಮನೆ ಟೆನ್ಷನ್ ಮಾಡ್ಕೋಬೇಡ."

ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನೂ ನೋಡಿದ್ದೇವೆ. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಎದೆ ಒಮ್ಮೆ ಜೋರಾಗಿ ಬಡಿದರೂ ಹೃದಯಾಘಾತವೇ ಎಂಬ ಭಯ ಎಲ್ಲ ಮನೆಗಳಿಗೂ ಹೊಕ್ಕಿತ್ತು.

ನಾನು ವೈದ್ಯನಲ್ಲ. ರಾಜಾಜಿನಗರದಲ್ಲಿ ವ್ಯಾಪಾರ ಮಾಡಿಕೊಂಡು, ಸಮಾಜದ ಆರೋಗ್ಯ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವ, ಜೊತೆಗೆ ಯಾರೂ ಇಲ್ಲದ ರೋಗಿಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಮಾಡುವವನು. ವೈದ್ಯರಿಂದ ಕೇಳಿ ತಿಳಿದದ್ದನ್ನು ನಮ್ಮ ಮನೆಗಳ ಊಟ, ವ್ರತ, ದಿನಚರಿಗೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಸಾರಾಂಶ ಇಷ್ಟು: ಮುಟ್ಟು ನಿಲ್ಲುವ ಕಾಲದಲ್ಲಿ ಎದೆ ಹೊಡೆದುಕೊಳ್ಳುವುದು ತೀರಾ ಸಾಮಾನ್ಯ, ಹೆಚ್ಚಿನವರಲ್ಲಿ ಅದು ಅಪಾಯದ್ದಲ್ಲ. ಆದರೆ ಅಪಾಯದ್ದಲ್ಲ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸುವ ಹಾಗಿಲ್ಲ. ಒಂದು ಇಸಿಜಿ, ಕೆಲವು ರಕ್ತಪರೀಕ್ಷೆ ಆದಮೇಲೆ ವೈದ್ಯರು ಹೇಳಬೇಕಾದ ಮಾತು ಅದು.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳು

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಇದು ಸರಾಸರಿ 46-47ರ ವಯಸ್ಸಿಗೆ ಆಗುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಅದಕ್ಕೆ ಮುಂಚಿನ ಮೂರು ನಾಲ್ಕು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಮುಟ್ಟು ಹಿಂದುಮುಂದಾಗುತ್ತದೆ. ಇದನ್ನೇ ವೈದ್ಯರು ಪೆರಿಮೆನೋಪಾಸ್ ಎನ್ನುತ್ತಾರೆ. ಅಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು 42-43ಕ್ಕೇ ಶುರುವಾದರೆ ಆಶ್ಚರ್ಯವಿಲ್ಲ. ಇದಕ್ಕಿಂತ ಬೇಗ ಆಗುವವರೂ ಇದ್ದಾರೆ. ನಮ್ಮ ನಾಗರಭಾವಿಯಲ್ಲೇ ಇರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು, 40ಕ್ಕೆ ಮೊದಲೇ ಮುಟ್ಟು ನಿಂತವರ ವಿಷಯವನ್ನು ಹಿಂದೆಯೇ ಎತ್ತಿ ತೋರಿಸಿದ್ದರು.

ಗರ್ಭಕೋಶ ತೆಗೆಸಿಕೊಂಡವರ ವಿಷಯ ಬೇರೆ. ಅವರಿಗೆ ಮುಟ್ಟು ಎಂಬ ಗುರುತೇ ಇರುವುದಿಲ್ಲ. ಅಂಡಾಶಯವನ್ನೂ ತೆಗೆದಿದ್ದರೆ ಬದಲಾವಣೆ ನಿಧಾನವಾಗಿ ಬರದೆ ಒಮ್ಮೆಗೇ ಬಂದು ಎರಗುತ್ತದೆ. ಅಂಥವರು ವೈದ್ಯರ ಬಳಿ ಹೋದಾಗ ಯಾವ ವರ್ಷ ಆಪರೇಷನ್ ಆಯಿತು, ಏನೇನು ತೆಗೆದರು ಎಂಬ ಚೀಟಿ ಒಯ್ಯಬೇಕು.

ಎದೆ ಏಕೆ ಹೊಡೆದುಕೊಳ್ಳುತ್ತದೆ

ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟೂ ಬಡಿತ ನಮ್ಮ ಗಮನಕ್ಕೆ ಬರುವುದಿಲ್ಲ. ಬಡಿತ ಗಮನಕ್ಕೆ ಬಂತು ಎಂದರೆ ಅದು ವೇಗವಾಗಿದೆ, ಜೋರಾಗಿದೆ ಅಥವಾ ತಾಳ ತಪ್ಪಿದೆ ಎಂದರ್ಥ.

ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಒಂದೇ ಸಮ ಕಡಿಮೆಯಾಗುತ್ತಾ ಹೋಗುವುದಿಲ್ಲ. ಒಂದು ತಿಂಗಳು ಏರುತ್ತದೆ, ಇನ್ನೊಂದು ತಿಂಗಳು ಕುಸಿಯುತ್ತದೆ. ಮೈಯ ಬಿಸಿ, ಬೆವರು, ರಕ್ತನಾಳದ ಬಿಗಿ, ಹೃದಯದ ವೇಗ ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವ ನರವ್ಯವಸ್ಥೆ ಈ ಏರಿಳಿತಕ್ಕೆ ಅಲುಗಾಡುತ್ತದೆ. ಮೆದುಳಿನಲ್ಲಿರುವ ಬಿಸಿ ಅಳೆಯುವ ಕೇಂದ್ರ ಸ್ವಲ್ಪ ಸೆಕೆಯನ್ನೂ ದೊಡ್ಡದೆಂದು ಭಾವಿಸಿ, ಬೇಗ ಮೈ ತಣ್ಣಗೆ ಮಾಡು ಎಂದು ಆಜ್ಞೆ ಕೊಡುತ್ತದೆ. ಚರ್ಮದ ರಕ್ತನಾಳ ಅಗಲವಾಗುತ್ತದೆ, ಮುಖ ಕೆಂಪೇರುತ್ತದೆ, ಬೆವರು ಸುರಿಯುತ್ತದೆ, ಹೃದಯ ನಿಮಿಷಕ್ಕೆ ಹತ್ತು ಹದಿನೈದು ಬಡಿತ ಹೆಚ್ಚಿಸಿಕೊಳ್ಳುತ್ತದೆ. ಎರಡರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ.

ಇನ್ನೊಂದು ಬಗೆ, ಹೃದಯ ಒಂದು ಬಡಿತ ಬಿಟ್ಟುಬಿಟ್ಟಂತೆ ಅನ್ನಿಸಿ ಆಮೇಲೆ "ಧಡ್" ಎಂದು ಒಂದು ಪೆಟ್ಟು ಬರುವುದು. ವಾಸ್ತವದಲ್ಲಿ ಆಗುವುದು, ಒಂದು ಬಡಿತ ಅವಸರದಲ್ಲಿ ಮುಂಚೆಯೇ ಬಿದ್ದಿರುತ್ತದೆ. ಅದಾದ ಮೇಲೆ ಸ್ವಲ್ಪ ಬಿಡುವು, ಆ ಬಿಡುವಿನಲ್ಲಿ ಹೃದಯಕ್ಕೆ ಹೆಚ್ಚು ರಕ್ತ ತುಂಬಿಕೊಂಡು ಮುಂದಿನ ಬಡಿತ ಜೋರಾಗುತ್ತದೆ. ಹೃದಯ ಗಟ್ಟಿಯಾಗಿರುವವರಲ್ಲೂ ಇಂಥ ಅವಸರದ ಬಡಿತಗಳು ಇರುತ್ತವೆ. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ಎಡಮಗ್ಗುಲಾಗಿ ಮಲಗಿದಾಗ ಹೆಚ್ಚು ತಿಳಿಯುತ್ತವೆ.

ಕೆಲವು ಅಧ್ಯಯನಗಳ ಪ್ರಕಾರ ಈ ಘಟ್ಟದಲ್ಲಿರುವ ನೂರು ಹೆಂಗಸರಲ್ಲಿ ನಲವತ್ತರ ಸುಮಾರು ಮಂದಿಗೆ ಎದೆ ಹೊಡೆದುಕೊಳ್ಳುವ ಅನುಭವ ಇರುತ್ತದೆ. ಅಂದಮೇಲೆ ಯಾರಿಗೂ ಇಲ್ಲದ್ದು ನನಗೊಬ್ಬಳಿಗೆ ಬಂತು ಎಂದು ಕೊರಗಬೇಕಾಗಿಲ್ಲ.

ಮುಟ್ಟಿನ ನೆಪದಲ್ಲಿ ಅಡಗಿರುವ ಬೇರೆ ಕಾರಣಗಳು

ಇಲ್ಲಿಯೇ ಎಚ್ಚರ ಬೇಕಾದದ್ದು. "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ" ಎಂದು ಬಿಟ್ಟರೆ ಸುಲಭವಾಗಿ ಗುಣವಾಗುವ ಕಾಯಿಲೆಗಳು ಒಳಗೇ ಉಳಿಯುತ್ತವೆ.

ಮೊದಲನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದೇ ಲೆಕ್ಕ. ಮುಟ್ಟು ನಿಲ್ಲುವ ಮುಂಚೆ ಹಲವರಿಗೆ ಸ್ರಾವ ಹೆಚ್ಚಾಗುತ್ತದೆ, ಒಂದು ವಾರ ದಾಟಿಯೂ ಹೋಗುತ್ತದೆ, ಗಡ್ಡೆಗಡ್ಡೆಯಾಗಿ ಬೀಳುತ್ತದೆ. ರಕ್ತ ಕಡಿಮೆಯಾದಾಗ ಇರುವಷ್ಟನ್ನೇ ಬೇಗ ಬೇಗ ಓಡಿಸಬೇಕಲ್ಲ, ಅದಕ್ಕೆ ಹೃದಯ ಓಡುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಕಾಲುನೋವು ಜೊತೆಗಿರುತ್ತವೆ. ಶಿಬಿರಗಳಲ್ಲಿ ನಾನು ಬರೆದುಕೊಂಡ ಪಟ್ಟಿಗಳಲ್ಲಿ "ಸುಸ್ತು, ಎದೆ ಡವಡವ" ಎಂದಿದ್ದವರ ಎದುರಿಗೆ ಹಿಮೋಗ್ಲೋಬಿನ್ 8, 9 ಎಂದು ಕಂಡದ್ದು ಎಷ್ಟೋ ಸಲ. ಇವರಿಗೆ ಬೇಕಾದದ್ದು ಕಬ್ಬಿಣಾಂಶದ ಚಿಕಿತ್ಸೆ ಮತ್ತು ಸ್ತ್ರೀರೋಗ ತಜ್ಞರ ತಪಾಸಣೆ.

ಎರಡನೆಯದು ಥೈರಾಯ್ಡ್. ಅದು ಹೆಚ್ಚು ಕೆಲಸ ಮಾಡಿದರೆ ಎದೆಬಡಿತ, ಬೆವರು, ಕೈನಡುಕ, ನಿದ್ದೆಗೇಡು ಎಲ್ಲ ಬರುತ್ತವೆ. ಇವು ಮುಟ್ಟು ನಿಲ್ಲುವ ಲಕ್ಷಣಗಳಂತೆಯೇ ಕಾಣುತ್ತವೆ. ಥೈರಾಯ್ಡ್ ಕಡಿಮೆ ಎಂದು ವರ್ಷಗಳಿಂದ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ. ಹಳೆಯ ಡೋಸು ಈಗ ಹೆಚ್ಚಾಗಿದ್ದರೆ ಎದೆ ಓಡುತ್ತದೆ. ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ಒಂದು ವರ್ಷ ದಾಟಿದ್ದರೆ ಮತ್ತೆ ಮಾಡಿಸಬೇಕು.

ಮೂರನೆಯದು ಹೃದಯದ ತಾಳವೇ ತಪ್ಪುವ ಕಾಯಿಲೆಗಳು. ಸ್ವಿಚ್ ಹಾಕಿದಂತೆ ಒಮ್ಮೆಗೇ ಶುರುವಾಗಿ, 150-180ರ ವೇಗದಲ್ಲಿ ಓಡಿ, ಸ್ವಿಚ್ ಆರಿಸಿದಂತೆ ನಿಲ್ಲುವುದು ಒಂದು ಬಗೆ. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಇನ್ನೊಂದು ಏಟ್ರಿಯಲ್ ಫಿಬ್ರಿಲೇಷನ್. ಇದರಲ್ಲಿ ನಾಡಿಗೆ ಯಾವ ಲೆಕ್ಕವೂ ಇರುವುದಿಲ್ಲ, ಒಮ್ಮೆ ಬೇಗ, ಒಮ್ಮೆ ನಿಧಾನ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯ ಇರುವುದರಿಂದ ಇದನ್ನು ಬಿಡಲೇಬಾರದು. ಬಿಪಿ ಇರುವವರು, ಚಿಕ್ಕಂದಿನಲ್ಲಿ ಕೀಲುಗಳು ಊದುವ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟವರು ಹೆಚ್ಚು ಎಚ್ಚರವಾಗಿರಬೇಕು.

ಔಷಧಿಗಳಿಂದಲೂ ಎದೆ ಹೊಡೆದುಕೊಳ್ಳಬಹುದು. ಉಬ್ಬಸದ ಪಂಪು, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ನೆಗಡಿ ಮಾತ್ರೆ, ತೂಕ ಇಳಿಸುವ ಪುಡಿಗಳು ಈ ಸಾಲಿನವು. ಮನೆಯಲ್ಲಿ ಏನೇನು ನುಂಗುತ್ತೀರೋ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರಿಗೆ ತೋರಿಸಿ.

ನೋಂಪಿ, ಉಪವಾಸ ಮತ್ತು ಸೂರ್ಯಾಸ್ತದ ನಿಯಮ

ಬೇರೆಯವರಿಗಾಗಿ ಬರೆದ ಆರೋಗ್ಯ ಲೇಖನಗಳಲ್ಲಿ ಈ ಭಾಗ ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಾತ್ರಿ ಆಹಾರ, ನೀರು ಎರಡನ್ನೂ ಬಿಟ್ಟವರು ಸಂಜೆ ಆರು, ಆರೂವರೆಯಿಂದ ಮರುದಿನ ಬೆಳಗಿನವರೆಗೆ ಸುಮಾರು ಹನ್ನೆರಡು ಗಂಟೆ ಏನೂ ಕುಡಿಯುವುದಿಲ್ಲ. ಮೂವತ್ತರ ವಯಸ್ಸಿನಲ್ಲಿ ಮೈಗೆ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಅದೇ ರಾತ್ರಿ ಎರಡು ಮೂರು ಸಲ ಬಿಸಿಯೇರಿ ಬೆವರು ಹರಿದರೆ ಬೆಳಗಿನ ಹೊತ್ತಿಗೆ ದೇಹದಲ್ಲಿ ನೀರು ಕಡಿಮೆಯಾಗಿರುತ್ತದೆ. ಎದ್ದು ನಿಂತರೆ ತಲೆ ಸುತ್ತುತ್ತದೆ, ಎದೆ ಓಡುತ್ತದೆ. ಆ ಒಣ ಮೈಗೆ ಮೊದಲು ಬೀಳುವುದು ಸ್ಟ್ರಾಂಗ್ ಫಿಲ್ಟರ್ ಕಾಫಿ. ಎದೆ ಇನ್ನೂ ಹೊಡೆದುಕೊಳ್ಳದೆ ಏನು ಮಾಡೀತು?

ನಿಯಮ ಬಿಡದೆಯೇ ಸರಿಪಡಿಸಿಕೊಳ್ಳುವ ದಾರಿ ಇದೆ. ಮಧ್ಯಾಹ್ನ ಮೂರರಿಂದ ಸಂಜೆ ಊಟದವರೆಗೆ ಕಾಯಿಸಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಲೋಟ ಕುಡಿಯಿರಿ. ಮುಳುಗುವ ಹೊತ್ತಿಗೆ ಒಮ್ಮೆಗೇ ಚೊಂಬು ಎತ್ತಿದರೆ ಅದು ಮೂತ್ರವಾಗಿ ಹೋಗುತ್ತದೆ, ನಿದ್ದೆಯೂ ಕೆಡುತ್ತದೆ. ಬೆಳಿಗ್ಗೆ ನಿಯಮ ಮುಗಿದ ಕೂಡಲೆ ಮೊದಲು ಎರಡು ಲೋಟ ನೀರು, ಏನಾದರೂ ತಿಂದ ಮೇಲೆ ಕಾಫಿ. ಎರಡನೇ ಕಾಫಿ ಬೇಕೇಬೇಕು ಎಂದರೆ ಮಧ್ಯಾಹ್ನ ಎರಡರೊಳಗೆ ಮುಗಿಸಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರು ಕಡಿಮೆ ಕುಡಿಯಿರಿ ಎಂದು ಹೇಳಿಸಿಕೊಂಡವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ದಶಲಕ್ಷಣ ಪರ್ವ, ಅಷ್ಟಮಿ, ಚತುರ್ದಶಿ, ಅನಂತನ ನೋಂಪಿಯ ದಿನಗಳಲ್ಲಿ ನಿರ್ಜಲ ಉಪವಾಸ ಮಾಡುವವರು ಮುಂಚಿತವಾಗಿ ವೈದ್ಯರನ್ನು ಕೇಳಲೇಬೇಕಾದ ಮೂರು ಸಂದರ್ಭಗಳಿವೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ. ಹೃದಯದ ತಾಳ ತಪ್ಪುವ ಕಾಯಿಲೆ ಈಗಾಗಲೇ ಇದ್ದರೆ. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಬರುವ ಲಕ್ಷಣಗಳೂ ಎದೆ ಡವಡವ, ಬೆವರು, ನಡುಕವೇ. "ಇದು ಆ ಬಿಸಿಯೇರುವುದೇ ಇರಬೇಕು" ಎಂದು ಮಲಗಿಬಿಟ್ಟರೆ ಪ್ರಜ್ಞೆ ತಪ್ಪಬಹುದು. ಗ್ಲೂಕೋಮೀಟರ್ ಇದ್ದರೆ ನೋಡಿ. ಇಲ್ಲದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ವ್ರತಭಂಗದ ಅಳುಕಿನಿಂದಲೇ ಎಷ್ಟೋ ತಾಯಂದಿರು ತೊಂದರೆಯನ್ನು ಹೇಳುವುದಿಲ್ಲ. ನಮ್ಮ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳನ್ನು ಹೇಳುವಾಗ ಎರಡಕ್ಕೂ "ಶಕ್ತಿಗೆ ತಕ್ಕಂತೆ" ಎಂಬ ಮಾತು ಸೇರಿಯೇ ಇದೆ. ಬಾಹ್ಯ ತಪಗಳಲ್ಲಿ ಅನಶನದ ಪಕ್ಕದಲ್ಲೇ ಊನೋದರವೂ ಇದೆ. ಸ್ವಾಧ್ಯಾಯವಂತೂ ಅಂತರಂಗ ತಪ. ಪೂರ್ತಿ ಉಪವಾಸದ ಬದಲು ಒಪ್ಪೊತ್ತು ಮಾಡಬಹುದೇ, ನೀರು ತೆಗೆದುಕೊಳ್ಳಬಹುದೇ, ಔಷಧಿಯ ವಿಷಯದಲ್ಲಿ ಏನು ಮಾಡಬೇಕು ಎಂದು ನೀವು ನಿಯಮ ತೆಗೆದುಕೊಂಡ ಮುನಿಗಳು, ಮಾತಾಜಿಯವರ ಬಳಿ ನೇರವಾಗಿ ಕೇಳಿ. ವೈದ್ಯರ ಬಳಿಯೂ "ಸೂರ್ಯಾಸ್ತದ ನಂತರ ನಾನು ಮಾತ್ರೆ ನುಂಗುವುದಿಲ್ಲ" ಎಂದು ಮೊದಲೇ ಹೇಳಿ. ಎಷ್ಟೋ ಮಾತ್ರೆಗಳನ್ನು ಬೆಳಿಗ್ಗೆ ಅಥವಾ ಸಂಜೆ ಐದಕ್ಕೆ ಹೊಂದಿಸಿ ಬರೆಯಬಹುದು. ಹೇಳದೆ ಚೀಟಿ ತಂದು ರಾತ್ರಿಯ ಮಾತ್ರೆಯನ್ನು ಸದ್ದಿಲ್ಲದೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ನಮ್ಮ ಊಟದಲ್ಲಿ ಗಮನಿಸಬೇಕಾದ್ದು

ಗಡ್ಡೆಗೆಣಸು ಬಿಟ್ಟ ಮನೆಗಳಿಗೆ ರಕ್ತಕ್ಕೆ ಬೀಟ್‌ರೂಟ್ ತಿನ್ನಿ ಎಂಬ ಸಲಹೆ ಪ್ರಯೋಜನವಿಲ್ಲ. ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಡುವವರಿದ್ದಾರೆ. ಆಗ ಹೆಸರುಕಾಳು, ಕಡಲೆ, ಹುರುಳಿ, ಅಲಸಂದೆ, ಎಳ್ಳು, ರಾಗಿ, ಖರ್ಜೂರ, ಒಣದ್ರಾಕ್ಷಿ ದಿನದ ಊಟದಲ್ಲಿ ಇರಲಿ. ಜೊತೆಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇದ್ದರೆ ಕಾಳಿನ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಜೊತೆಗೋ ಊಟವಾದ ಕೂಡಲೆಯೋ ಕಾಫಿ, ಟೀ ಕುಡಿದರೆ ಅಷ್ಟೂ ವ್ಯರ್ಥ. ಒಂದು ಗಂಟೆ ಅಂತರ ಇರಲಿ.

ಬಿ12 ಸಸ್ಯಾಹಾರದಲ್ಲಿ ಹಾಲು, ಮೊಸರಿನಿಂದ ಮಾತ್ರ ಸ್ವಲ್ಪ ಸಿಗುತ್ತದೆ. ಅದು ಕಡಿಮೆಯಾದರೂ ರಕ್ತಹೀನತೆ, ಕೈಕಾಲು ಜೋಮು, ಎದೆಬಡಿತ ಬರುತ್ತವೆ. ಪರೀಕ್ಷೆ ಮಾಡಿಸಿ ಕಡಿಮೆಯಿದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವುದೇ ಸರಿ. ಸೋಯಾ ತಿಂದರೆ ಬಿಸಿಯೇರುವುದು ಕೆಲವರಿಗೆ ಸ್ವಲ್ಪ ತಗ್ಗಬಹುದು, ಎಲ್ಲರಿಗೂ ಅಲ್ಲ.

ನಾಡಿ ಎಣಿಸಿ, ಬರೆದಿಡಿ

ವ್ಯಾಪಾರಿಗೆ ಲೆಕ್ಕದ ಪುಸ್ತಕ ಹೇಗೋ ಇದಕ್ಕೂ ಹಾಗೆ. ಎದೆ ಹೊಡೆದುಕೊಂಡಾಗ ಕುಳಿತುಕೊಳ್ಳಿ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳಿಡಿ. ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ. ಸುಮ್ಮನೆ ಕುಳಿತಾಗ 60ರಿಂದ 100 ಇರುವುದು ಸಾಮಾನ್ಯ.

ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಸಮಯ, ಎಷ್ಟು ಹೊತ್ತು ಇತ್ತು, ನಾಡಿ ಎಷ್ಟು, ಬಿಸಿಯೇರಿತ್ತೇ, ಆಗ ಏನು ಮಾಡುತ್ತಿದ್ದಿರಿ, ಅಂದು ಉಪವಾಸವೇ, ಮುಟ್ಟಿನ ಎಷ್ಟನೇ ದಿನ ಎಂದು ಬರೆಯಿರಿ. ಬಡಿತದ ತಾಳ ಹೇಗಿತ್ತು ಎಂಬುದನ್ನು ವೈದ್ಯರ ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ. ಮಾತಿನಲ್ಲಿ ವಿವರಿಸುವುದಕ್ಕಿಂತ ಇದು ಅವರಿಗೆ ಬೇಗ ಅರ್ಥವಾಗುತ್ತದೆ.

ಆ ಹೊತ್ತಿನಲ್ಲಿ ಮಾಡಬಹುದಾದ್ದು ಸರಳ. ಫ್ಯಾನ್ ಹಾಕಿ, ಹೊದಿಕೆ ಸರಿಸಿ, ಉಸಿರನ್ನು ನಿಧಾನವಾಗಿ ಎಳೆದು ಅದಕ್ಕಿಂತ ನಿಧಾನವಾಗಿ ಬಿಡಿ. ನಿಮಿಷಕ್ಕೆ ಆರು ಉಸಿರಿನಷ್ಟು ನಿಧಾನವಿರಲಿ. ಸಾಮಾಯಿಕ, ಕಾಯೋತ್ಸರ್ಗ ರೂಢಿಯಿರುವವರಿಗೆ ಇದು ಹೊಸದಲ್ಲ. ಸಂಜೆ ಅರ್ಧ ಗಂಟೆ ನಡಿಗೆ, ಹತ್ತಿಯ ಬಟ್ಟೆ, ಗಾಳಿಯಾಡುವ ಕೋಣೆ ಇವೂ ನೆರವಾಗುತ್ತವೆ.

ವೈದ್ಯರ ಬಳಿ

ಮೊದಲು ಹತ್ತಿರದ ಕುಟುಂಬ ವೈದ್ಯರ ಬಳಿ ಹೋದರೆ ಸಾಕು. ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಟಿಎಸ್‌ಎಚ್, ಸಕ್ಕರೆ ಇವು ಮೊದಲ ಸುತ್ತಿನ ಪರೀಕ್ಷೆಗಳು. ಬೇಕಿದ್ದರೆ ಬಿ12, ಪೊಟ್ಯಾಸಿಯಂ ಸೇರಿಸುತ್ತಾರೆ. ಎದೆ ಹೊಡೆದುಕೊಳ್ಳದಿದ್ದಾಗ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು. ಆದ್ದರಿಂದ ತೊಂದರೆ ಮರುಕಳಿಸುತ್ತಿದ್ದರೆ 24 ಗಂಟೆ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ, ಹೃದಯದ ಎಕೋ ಸ್ಕ್ಯಾನಿಂಗ್ ಬರೆಯುತ್ತಾರೆ. ದೊಡ್ಡ ದೊಡ್ಡ ಪ್ಯಾಕೇಜು ಮಾಡಿಸುವುದಕ್ಕಿಂತ ಈ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಕಾರಣವೂ ಸಿಗುತ್ತದೆ.

ಎಲ್ಲ ಸರಿಯಿದ್ದರೆ ಹಲವರಿಗೆ ಔಷಧಿಯೇ ಬೇಕಾಗುವುದಿಲ್ಲ. ಬೇಕಾದವರಿಗೆ ಎದೆಬಡಿತ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಪಕ್ಕದ ಮನೆಯವರ ಡಬ್ಬಿಯಿಂದ ಅದನ್ನು ತೆಗೆದುಕೊಳ್ಳಬೇಡಿ. ಉಬ್ಬಸವಿರುವವರಿಗೆ ಅಪಾಯ, ಹಾಗೆಯೇ ತಟ್ಟನೆ ನಿಲ್ಲಿಸುವುದೂ ಅಪಾಯ. ಬಿಸಿಯೇರುವುದು ತಡೆಯಲಾಗದಷ್ಟಿದ್ದರೆ ಸ್ತ್ರೀರೋಗ ತಜ್ಞರು ಹಾರ್ಮೋನು ಚಿಕಿತ್ಸೆಯ ಬಗ್ಗೆ ಹೇಳಬಹುದು. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಅದು ಸಾಮಾನ್ಯವಾಗಿ ಆಗದು.

ಅಹಿಂಸೆಯ ದೃಷ್ಟಿಯಿಂದ ಎರಡು ಮಾತು. ಹಳೆಯ ಬಗೆಯ ಕೆಲವು ಈಸ್ಟ್ರೋಜನ್ ಮಾತ್ರೆಗಳನ್ನು ಗಬ್ಬವಾದ ಕುದುರೆಗಳ ಮೂತ್ರದಿಂದ ತಯಾರಿಸುತ್ತಾರೆ. ಸಸ್ಯಮೂಲದಿಂದ ತಯಾರಾದ ಎಸ್ಟ್ರಡಯಾಲ್ ಕೂಡ ಇದೆ, ಕೇಳಿದರೆ ಬರೆಯುತ್ತಾರೆ. ಕ್ಯಾಪ್ಸೂಲುಗಳ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಟಿನ್. ಅದರ ಬದಲು ಮಾತ್ರೆ ಅಥವಾ ಸಸ್ಯಕವಚದ್ದು ಇದೆಯೇ ಎಂದು ಔಷಧಿ ಅಂಗಡಿಯಲ್ಲಿ ವಿಚಾರಿಸಿ, ವೈದ್ಯರ ಒಪ್ಪಿಗೆ ಪಡೆದು ಬದಲಾಯಿಸಿ.

ಕಾಯದೆ ಹೊರಡಬೇಕಾದ ಲಕ್ಷಣಗಳು

1. ಎದೆ ಹೊಡೆದುಕೊಳ್ಳುವಾಗ ಕಣ್ಣು ಕತ್ತಲೆಯಾಗಿ ಬೀಳುವುದು, ಪ್ರಜ್ಞೆ ತಪ್ಪುವುದು.
2. ಎದೆ ಹಿಂಡಿದಂತೆ ನೋವು, ಕೈ, ದವಡೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು.
3. ಕುಳಿತಲ್ಲೇ ಉಸಿರು ಸಿಕ್ಕಿಕೊಳ್ಳುವುದು.
4. ಸುಮ್ಮನಿದ್ದರೂ ನಾಡಿ 120 ದಾಟಿ ಇಳಿಯದೇ ಇರುವುದು.
5. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು.

ಹೆಂಗಸರಲ್ಲಿ ಹೃದಯಾಘಾತ ಯಾವಾಗಲೂ ಎದೆನೋವಿನಿಂದಲೇ ಬರುವುದಿಲ್ಲ. ವಿಪರೀತ ಸುಸ್ತು, ವಾಕರಿಕೆ, ದವಡೆ ನೋವು, ಏದುಸಿರು ಇಷ್ಟೇ ಇರಬಹುದು. ಆಗ 108ಕ್ಕೆ ಕರೆ ಮಾಡಿ, ಇಲ್ಲವೇ ತುರ್ತು ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ದೂರದ ದೊಡ್ಡ ಹೆಸರು ಹುಡುಕುತ್ತಾ ಟ್ರಾಫಿಕ್‌ನಲ್ಲಿ ಕೂರಬೇಡಿ.

ಇವಲ್ಲದೆ, ನಡೆಯುವಾಗ, ಮೆಟ್ಟಿಲು ಹತ್ತುವಾಗಲೇ ಎದೆ ಹೊಡೆದುಕೊಂಡರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ ಸಾವು ಆಗಿದ್ದರೆ ಅದೇ ವಾರದಲ್ಲಿ ಹೃದಯ ತಜ್ಞರನ್ನು ಕಾಣಬೇಕು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತಸ್ರಾವ ಕಂಡರೆ ಸ್ತ್ರೀರೋಗ ತಜ್ಞರನ್ನು ತಪ್ಪದೆ ಕಾಣಬೇಕು.

ಎಲ್ಲಿಗೆ ಹೋಗುವುದು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯವರಿಗೆ ಮೊದಲ ಪರೀಕ್ಷೆಗೆ ವಾರ್ಡುಗಳಲ್ಲಿರುವ ನಮ್ಮ ಕ್ಲಿನಿಕ್‌ಗಳಿವೆ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್‌ನಂಥ ಮೂಲ ಪರೀಕ್ಷೆಗಳು ಅಲ್ಲಿ ಉಚಿತ. ಹೃದಯ ತಜ್ಞರು ನೋಡಲೇಬೇಕು ಎಂದಾಗ ಜಯನಗರ 9ನೇ ಬ್ಲಾಕ್‌ನ ಜಯದೇವ ಹೃದ್ರೋಗ ಸಂಸ್ಥೆ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಹೋಗುವುದು ಸುಲಭವಾಗಿದೆ. ರಾಜಾಜಿನಗರದವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಜಯದೇವ ನಿಲ್ದಾಣದಲ್ಲೇ ಇಳಿಯಬಹುದು. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿಯಬೇಕು. ಇದು ತಪಾಸಣೆಗೆ ಹೋಗುವವರಿಗೆ ಮಾತ್ರ, ತುರ್ತಿಗೆ ಅಲ್ಲ.

ಮೈಸೂರು, ಕಲಬುರಗಿಯಲ್ಲೂ ಜಯದೇವ ಶಾಖೆಗಳಿವೆ. ಬೇರೆ ಊರುಗಳ ಓದುಗರಿಗೆ, 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೃದಯಾಘಾತವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ವ್ಯಾಪಾರಸ್ಥ ಬಂಧುಗಳಿಗೆ ಒಂದು ವಿನಂತಿ. ನಮ್ಮ ಅಂಗಡಿ, ಗೋಡೌನು, ಗಾರ್ಮೆಂಟ್ ಘಟಕಗಳಲ್ಲಿ ಇದೇ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ದಿನವಿಡೀ ನಿಂತು ಕೆಲಸ ಮಾಡುತ್ತಾರೆ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ನೀರನ್ನೇ ಕುಡಿಯುವುದಿಲ್ಲ. ಒಂದು ಫ್ಯಾನು, ಕೂರಲು ಸ್ಟೂಲು, ಚೊಕ್ಕ ಶೌಚಾಲಯ ಒದಗಿಸುವುದು ದೊಡ್ಡ ಖರ್ಚಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ ಕಟ್ಟುತ್ತಿರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ, ಕುಟುಂಬದವರಿಗೂ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಅವರ ಕಾರ್ಡು ಸರಿಯಾಗಿದೆಯೇ ಎಂದು ನಾವೇ ನೋಡಿಕೊಡಬೇಕು.

ಮನೆಯವರ ಪಾಲು

ಗಂಡನ ಬಿಪಿ ಮಾತ್ರೆ, ಅತ್ತೆಯ ಕಣ್ಣಿನ ಆಪರೇಷನ್, ಮಕ್ಕಳ ಪರೀಕ್ಷೆ ಎಲ್ಲದರ ದಿನಾಂಕವೂ ಮನೆಯ ತಾಯಿಗೆ ನೆನಪಿರುತ್ತದೆ. ಅವಳ ಹಿಮೋಗ್ಲೋಬಿನ್ ಎಷ್ಟು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅವಳಿಗೂ ಗೊತ್ತಿರುವುದಿಲ್ಲ. ಶಿಬಿರಕ್ಕೆ ಬಂದರೂ "ಮೊದಲು ಇವರದ್ದು ನೋಡಿ" ಎಂದು ಯಜಮಾನರನ್ನು ಮುಂದೆ ಮಾಡಿ, ತಮ್ಮ ಸರದಿ ಬರುವ ಹೊತ್ತಿಗೆ ಅಡುಗೆಗೆ ಹೊತ್ತಾಯಿತು ಎಂದು ಎದ್ದುಹೋಗುವವರನ್ನು ನಾನು ಪ್ರತಿ ಸಲವೂ ನೋಡುತ್ತೇನೆ.

ಮುಟ್ಟಿನ ವಿಷಯ ಗಂಡಸರು ಮಾತಾಡಬಾರದು ಎಂಬ ಸಂಕೋಚ ನಮ್ಮ ತಲೆಮಾರಿನಲ್ಲಿ ಗಟ್ಟಿಯಾಗಿಯೇ ಇದೆ. ಅದನ್ನು ಸ್ವಲ್ಪ ಬದಿಗಿಡಬೇಕು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಬಿಪಿ, ಕೊಲೆಸ್ಟರಾಲ್, ಹೃದಯದ ಕಾಯಿಲೆ ಹೆಚ್ಚುತ್ತಾ ಹೋಗುತ್ತವೆ. ಈಗ ಎದೆ ಹೊಡೆದುಕೊಂಡದ್ದರ ನೆಪದಲ್ಲಿ ಒಮ್ಮೆ ಪೂರ್ತಿ ತಪಾಸಣೆಯಾದರೆ ಮುಂದಿನ ಇಪ್ಪತ್ತು ವರ್ಷಕ್ಕೆ ಅದು ಉಪಕಾರ.

ಮುಂದಿನ ಸಲ ಮನೆಯಲ್ಲಿ ಯಾರಾದರೂ "ಎದೆ ಯಾಕೋ ಡವಡವ ಅಂತಿದೆ" ಎಂದರೆ ಮೊದಲು ಅವರನ್ನು ಕೂರಿಸಿ, ನಾಡಿ ಎಣಿಸಿ, ಬರೆದಿಡಿ. ಮೇಲೆ ಹೇಳಿದ ಐದು ಲಕ್ಷಣಗಳಲ್ಲಿ ಒಂದಾದರೂ ಇದ್ದರೆ ತಕ್ಷಣ ಹೊರಡಿ. ಇಲ್ಲದಿದ್ದರೆ ಅದೇ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಮನೆಯ ಒಬ್ಬರು ಜೊತೆಗೆ ಹೋಗಿ ಇಸಿಜಿ ಮತ್ತು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ. ಅಂದಿನ ಅಡುಗೆಯನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ.